ಗಾರೆಗೆ ಬೆರೆಸುವ ಫೈಬರ್ ಪ್ಯಾಕೆಟ್: ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ

ದಾವಣಗೆರೆಯಲ್ಲಿ ನನ್ನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಮನೆ ಕಟ್ಟಿಸಿದ್ದು ಎರಡು ಸಲ. ಕೆಳಗಿನ ಮನೆ 2018ರಲ್ಲಿ, ಅದರ ಮೇಲೆ 8 ಚದರದ ಇನ್ನೊಂದು ಮನೆ 2024ರಲ್ಲಿ. ಕೆಳಗಿನ ಮನೆಯ ಗೃಹಪ್ರವೇಶದ ದಿನ ನಮ್ಮ ದೊಡ್ಡಮ್ಮ ಹಾಲ್‌ನ ಗೋಡೆ ಮುಟ್ಟಿ ನೋಡಿ, "ಇದೇನವ್ವಾ, ಹೊಸ ಗೋಡೆ ಆಗ್ಲೇ ಸೀಳೇತಲ್ಲ" ಅಂದರು. ಆ ಮಾತು ನನ್ನ ಮನಸ್ಸಿನಿಂದ ಆರು ವರ್ಷ ಹೋಗಲಿಲ್ಲ. ಮೇಲಿನ ಮನೆಯ ಗಾರೆಗೆ ಫೈಬರ್, ಅಂದರೆ ನೂಲಿನಂಥ ಸಣ್ಣ ನಾರು, ಬೆರೆಸಬೇಕು ಅಂತ ಹಟ ಹಿಡಿದದ್ದು ಅದಕ್ಕೇ. ಆ ಫೈಬರ್ ಎಷ್ಟು ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ. ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್ ಶುರುವಾಗುವ ಮುಂಚೆ ಓದಿದರೆ ಉಪಯೋಗ.

ಮೊದಲು ಕೆಳಗಿನ ಮನೆಯ ಕತೆ, ಯಾಕೆಂದರೆ ಹೋಲಿಸಿ ನೋಡಲು ನನಗೆ ಅದೇ ಇರುವುದು. ನಮ್ಮ ಕಡೆ ಮೇಸ್ತ್ರಿಗಳ ಬಾಯಲ್ಲಿ ಹೇರ್‌ಲೈನ್ ಕ್ರ್ಯಾಕ್, ಅಂದರೆ ಕೂದಲೆಳೆಯಂಥ ಬಿರುಕು, "ಏರ್ ಕ್ರ್ಯಾಕ್" ಆಗಿದೆ. ಆಗಿನ ಕಂಟ್ರಾಕ್ಟರ್ "ಏರ್ ಕ್ರ್ಯಾಕ್ ಅಕ್ಕಾ, ಎಲ್ಲಾರ ಮನ್ಯಾಗೂ ಬರ್ತಾವು. ಪುಟ್ಟಿ ಹಚ್ಚಿದ್ರೆ ಮುಚ್ಚಿ ಹೋಗ್ತತಿ" ಅಂದ. ಪುಟ್ಟಿ ಹಚ್ಚಿಸಿದೆವು. ಮುಂದಿನ ಬೇಸಿಗೆಗೆ ಪುಟ್ಟಿಯ ಮೇಲೂ ಅದೇ ಗೆರೆ ಅದೇ ಜಾಗದಲ್ಲಿ ಎದ್ದಿತು.

ಅಂಗಡಿಯ ಚಾಕ್ ತಂದು ಪ್ರತಿ ಗೆರೆಯ ಎರಡೂ ತುದಿಗೆ ಗುರುತು ಹಾಕಿ ಪಕ್ಕದಲ್ಲಿ ತಾರೀಕು ಬರೆದೆ. ಹಾಗೆ ನೋಡುತ್ತಾ ಹೋದರೆ ಎಲ್ಲ ಬಿರುಕೂ ಒಂದೇ ಜಾತಿಯದಲ್ಲ ಅಂತ ತಿಳಿಯಿತು. ಹಾಲ್‌ನ ಗೋಡೆಯ ನಡುಮಧ್ಯೆ ಜೇಡರ ಬಲೆಯ ಹಾಗೆ ಹರಡಿದ್ದವು ಕೆಲವು, ಉಗುರು ಆಡಿಸಿದರೆ ಮಾತ್ರ ಗೊತ್ತಾಗುವಷ್ಟು ತೆಳು. ಕಾಲಂ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ, ಬೀಮಿನ ಕೆಳಗೆ, ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆಗಳು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟವು ಬೇರೆ. ವೈರಿಂಗ್‌ಗೆ ಗೋಡೆ ಕೊರೆದು ಪೈಪು ಇಟ್ಟು ಮುಚ್ಚಿದ ಕಡೆ ಮೇಲಿಂದ ಕೆಳಕ್ಕೆ ಉದ್ದದ ಗೆರೆ. ಫೈಬರ್ ಕೊಳ್ಳುವವರು ಈ ವ್ಯತ್ಯಾಸವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಪ್ಯಾಕೆಟ್ಟಿಗೆ ಕೈ ಎಟುಕುವುದು ಇವುಗಳಲ್ಲಿ ಮೊದಲನೆಯ ಜಾತಿಗೆ ಮಾತ್ರ.

ಯಾಕೆ ಅಂತ ನನಗೆ ಅರ್ಥವಾದದ್ದು ನನ್ನ ಕೆಲಸದಿಂದಲೇ. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿಸಬೇಕು. ಹಾಗೆ ಮಾಡದೆ ಹೊಲಿದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗುತ್ತದೆ, ಮೇಲಿನ ಬಟ್ಟೆ ಕುಗ್ಗುವುದಿಲ್ಲ, ಬ್ಲೌಸ್ ಸುಕ್ಕುಗಟ್ಟುತ್ತದೆ. ಗೋಡೆಯಲ್ಲೂ ಇದೇ ನಡೆಯುತ್ತದೆ. ಹಸಿ ಗಾರೆಯಿಂದ ನೀರು ಆರಿದಂತೆ ಅದು ಕುಗ್ಗಲು ನೋಡುತ್ತದೆ, ಹಿಂದಿನ ಗೋಡೆ ಅದನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಬಟ್ಟೆ ಆಗಿದ್ದರೆ ಸುಕ್ಕಾಗುತ್ತಿತ್ತು, ಗಾರೆ ಆದ್ದರಿಂದ ಸೀಳುತ್ತದೆ. ಸಿಮೆಂಟ್ ಜಾಸ್ತಿ ಹಾಕಿದಷ್ಟೂ, ನೀರು ಜಾಸ್ತಿ ಕಲಸಿದಷ್ಟೂ, ಮರಳಿನಲ್ಲಿ ಪುಡಿ ಜಾಸ್ತಿ ಇದ್ದಷ್ಟೂ ಕುಗ್ಗುವುದು ಹೆಚ್ಚು. ನಮ್ಮ ಕೆಳಗಿನ ಮನೆಯಲ್ಲಿ ಈ ಮೂರೂ ಆಗಿದ್ದವು. ಗಟ್ಟಿ ಬರಲಿ ಅಂತ ನಾವೇ ಹೇಳಿ ಸಿಮೆಂಟ್ 1ಕ್ಕೆ ಮರಳು 3 ಕಲಸಿಸಿದ್ದೆವು. ಒಳಗೋಡೆಗೆ 1ಕ್ಕೆ 6 ಸಾಕು ಅಂತ ಯಾರೂ ಹೇಳಿರಲಿಲ್ಲ. ಏಪ್ರಿಲ್ ಬಿಸಿಲು, ಮೂರೇ ದಿನ ಕ್ಯೂರಿಂಗ್ (ಗಾರೆಗೆ ನೀರು ಹಾಕಿ ಒದ್ದೆ ಇಡುವುದು), ಮರಳಿನ ಹೆಸರಲ್ಲಿ ಬಂದದ್ದರಲ್ಲಿ ಅರ್ಧ ಕ್ರಷರ್ ಪುಡಿ.

ಈಗ ಪ್ಯಾಕೆಟ್ಟಿಗೆ ಬರುತ್ತೇನೆ. ನಾನು ತಂದದ್ದು ರೆಕ್ರಾನ್ 3ಎಸ್, ರಿಲಯನ್ಸ್‌ನವರದು. ರೆಕ್ರಾನ್ ಅಂದರೆ ನನಗೆ ಅಲ್ಲಿಯವರೆಗೆ ದಿಂಬಿಗೆ ತುಂಬುವ ಹತ್ತಿಯಂಥ ನಾರು ಮಾತ್ರ. ಗಾರೆಗೂ ಅದೇ ಹೆಸರಿನ ನಾರು ಬರುತ್ತದೆ ಅಂತ ಹೇಳಿದವರು ಮೇಲಿನ ಮನೆಯ ಪ್ಲಾನ್ ಹಾಕಿಕೊಟ್ಟ ಇಂಜಿನಿಯರ್. 125 ಗ್ರಾಮಿನ ಪುಟ್ಟ ಪ್ಯಾಕೆಟ್, 50 ಕೆಜಿಯ ಒಂದು ಚೀಲ ಸಿಮೆಂಟಿಗೆ ಒಂದು. ಒಡೆದರೆ ಒಳಗೆ ಬೆಳ್ಳಗೆ, ಸಣ್ಣಗೆ ಕತ್ತರಿಸಿದ ನೂಲಿನ ಹಾಗಿರುತ್ತದೆ. ನನಗೆ ಒಂದಕ್ಕೆ 50 ರೂಪಾಯಿ ಬಿತ್ತು. ಒಳಗೆ, ಹೊರಗೆ, ಸೀಲಿಂಗ್ ಎಲ್ಲ ಸೇರಿ 40 ಚೀಲದ ಲೆಕ್ಕ, 40 ಪ್ಯಾಕೆಟ್, 2000 ರೂಪಾಯಿ. ಒಂದು ಮನೆಯ ಗಾರೆಯ ಖರ್ಚಿನ ಮುಂದೆ ಇದು ಏನೂ ಅಲ್ಲ.

ಕೊಳ್ಳುವಾಗ ಒಂದು ಎಡವಟ್ಟಾಯಿತು, ಅದನ್ನು ಹೇಳಲೇಬೇಕು. ಹಾರ್ಡ್‌ವೇರ್ ಅಂಗಡಿಯವರು ಮೊದಲ ಸಲ ಕೊಟ್ಟ ಪ್ಯಾಕೆಟ್ ಮನೆಗೆ ತಂದು ಒಂದನ್ನು ಬಿಚ್ಚಿದೆ. ನೂಲು ಕೈಗೆ ಬಂದರೆ ಅಳೆಯದೆ ಬಿಡುವ ಅಭ್ಯಾಸ ನನಗಿಲ್ಲ. ಟೇಪ್ ಇಟ್ಟೆ, ಹತ್ತಿರ ಹತ್ತಿರ ಅರ್ಧ ಇಂಚು, ಅಂದರೆ 12 ಮಿ.ಮೀ. ಅದು ಕಾಂಕ್ರೀಟಿಗೆ ಹಾಕುವ ಅಳತೆ. ಗಾರೆಗೆ ಬೇಕಾದದ್ದು 6 ಮಿ.ಮೀ. ಅರ್ಧ ಇಂಚು ದಪ್ಪದ ಗಾರೆಯಲ್ಲಿ ಅರ್ಧ ಇಂಚಿನ ನೂಲು ಹಾಕಿದರೆ ಕರಣೆಗೆ ಸಿಕ್ಕಿ ಎಳೆದುಕೊಂಡು ಬರುತ್ತದೆ, ಮೇಲ್ಮೈ ತುಂಬ ಕೂದಲು. ವಾಪಸ್ ಹೋಗಿ ಬದಲಾಯಿಸಿಕೊಂಡು ಬಂದೆ. ಪ್ಯಾಕೆಟ್ ಹೊರಗಿನಿಂದ ಎರಡೂ ಸುಮಾರು ಒಂದೇ ಥರ ಕಾಣುತ್ತವೆ, ಆದ್ದರಿಂದ ಅಳತೆ ಓದಿ, ಓದಲಾಗದಿದ್ದರೆ "ಪ್ಲಾಸ್ಟರಿಂಗ್‌ಗೆ, 6 ಎಂಎಂ" ಅಂತ ಬಾಯಿಬಿಟ್ಟು ಕೇಳಿ.

ಬೆರೆಸುವುದರಲ್ಲೂ ಮೊದಲ ದಿನ ತಪ್ಪಾಯಿತು. ಆಳು ನೀರು ಹಾಕಿ ಕಲಸಿದ ಗಾರೆಯ ಮೇಲೆ ಪ್ಯಾಕೆಟ್ ಹರಿದು ಒಂದೇ ಕಡೆ ಸುರಿದುಬಿಟ್ಟ. ನೂಲೆಲ್ಲ ಉಂಡೆ ಕಟ್ಟಿತು. ಬಾಂಡ್ಲಿಯಲ್ಲಿ ಬಂದ ಗಾರೆಯಲ್ಲಿ ನೆನೆದ ಹತ್ತಿಯ ಉಂಡೆಗಳು ಕಂಡವು. ಉಂಡೆ ಇದ್ದಲ್ಲಿ ಗಾರೆ ಇನ್ನೂ ಸಡಿಲ. ಆ ಪೂರ್ತಿ ಕಲಸನ್ನು ನೆಲದ ಬೆಡ್ಡಿಗೆ ಹಾಕಿಸಿದೆ, ಗೋಡೆಗೆ ಬಿಡಲಿಲ್ಲ. ಆಮೇಲಿನಿಂದ ಸಿಮೆಂಟ್ ಮರಳು ಒಣಗಿದ್ದಾಗಲೇ ಎರಡು ಸಲ ಮಗುಚಿ, ನೂಲನ್ನು ಬೆರಳಲ್ಲಿ ಬಿಡಿಸುತ್ತಾ ರಂಗೋಲಿ ಪುಡಿ ಉದುರಿಸಿದ ಹಾಗೆ ರಾಶಿಯ ಮೇಲೆಲ್ಲ ಉದುರಿಸಿ, ಮತ್ತೆ ಮಗುಚಿ, ಕೊನೆಗೆ ನೀರು. ಮೊದಲ ವಾರ ಉದುರಿಸುವ ಕೆಲಸ ನಾನೇ ಮಾಡಿದೆ. ಗಾಳಿ ಇದ್ದ ದಿನ ನೂಲು ಹಾರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಪೂರ್ತಿ ಚೀಲ ಒಟ್ಟಿಗೆ ಕಲಸುವುದೂ ಬೇಡ. ನೀರು ಬಿದ್ದ ಗಾರೆ ಅರ್ಧ ಗಂಟೆಯೊಳಗೆ ಗೋಡೆಗೆ ಹೋಗಬೇಕು. ಊಟಕ್ಕೆ ಹೋಗಿ ಬಂದು, ಬಿಗಿದ ಗಾರೆಗೆ ಮತ್ತೆ ನೀರು ಹಾಕಿ ಸಡಿಲ ಮಾಡಿದರೆ ಯಾವ ನೂಲೂ ಅದನ್ನು ಉಳಿಸುವುದಿಲ್ಲ. ಅದಕ್ಕೆ ಅರ್ಧ ಚೀಲಕ್ಕೆ ಅರ್ಧ ಪ್ಯಾಕೆಟ್, ಇನ್ನೂ ಸಣ್ಣ ಕಲಸಾದರೆ ಕಾಲು. ಅಂಗಡಿಯ ಒಂದು ಗಾಜಿನ ಡಬ್ಬಿಗೆ ಗುರುತು ಹಾಕಿ ಕೊಟ್ಟಿದ್ದೆ.

ಮೇಸ್ತ್ರಿಗೆ ಮೊದಲು ಇದು ಹಿಡಿಸಲಿಲ್ಲ. ಒಳ್ಳೆಯ ಕೆಲಸಗಾರ, ಚದರ ಅಡಿ ಲೆಕ್ಕದಲ್ಲಿ ಕೂಲಿ, ಕೈ ನಿಧಾನವಾದರೆ ಅವರಿಗೆ ನಷ್ಟ. "ಕೈಗೆ ಬಿಗಿ ಬರ್ತತಿ ಅಕ್ಕಾ, ಕರಣಿ ಓಡವಲ್ದು" ಅಂದರು. ಅದು ನಿಜ. ನೂಲು ಬಿದ್ದ ಗಾರೆ ಸ್ವಲ್ಪ ಬಿಗಿಯಾಗಿರುತ್ತದೆ. ಆಗ ಆಳುಗಳು ಮಾಡುವ ಮೊದಲ ಕೆಲಸ ಇನ್ನೊಂದು ಚೊಂಬು ನೀರು ಸುರಿಯುವುದು. ಫೈಬರ್ ಹಾಕಿ ಬಂದ ಲಾಭ ಆ ಒಂದು ಚೊಂಬಿನಲ್ಲಿ ಹೋಗುತ್ತದೆ. ನಾನು ಕೂಲಿಯನ್ನು ಚದರ ಅಡಿಗೆ 2 ರೂಪಾಯಿ ಹೆಚ್ಚಿಸಿದೆ, ನೀರು ಹೆಚ್ಚಿಸಬಾರದು ಅಂತ ಮಾತಾಯಿತು. ಇನ್ನೊಂದು ಮಾತೂ ಆಯಿತು: ಗಾರೆ ಬೇಗ ಎಳೆದುಕೊಳ್ಳಲಿ ಅಂತ ಗೋಡೆಯ ಮೇಲೆ ಒಣ ಸಿಮೆಂಟ್ ಎರಚಿ ಉಜ್ಜುವುದು ಬೇಡ. ಕೆಳಗಿನ ಮನೆಯಲ್ಲಿ ಹಾಲ್‌ಗೆ ಹಾಗೇ ಎರಚಿದ್ದರು, ನುಣ್ಣಗೆ ಕನ್ನಡಿಯ ಹಾಗೆ ಬಂದಿತ್ತು, ಜೇಡರ ಬಲೆ ಎದ್ದದ್ದೂ ಅದೇ ಗೋಡೆಯಲ್ಲಿ. ಬರೀ ಸಿಮೆಂಟಿನ ಆ ತೆಳು ಪದರ ಕೆಳಗಿನ ಗಾರೆಗಿಂತ ಹೆಚ್ಚು ಕುಗ್ಗುತ್ತದೆ. ಮೂರನೇ ದಿನಕ್ಕೆ ಮೇಸ್ತ್ರಿಯ ಕೈ ಹೊಂದಿಕೊಂಡಿತು. ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲಿನ ಹಾಗೆ ನೂಲು ಇಣುಕುತ್ತಿತ್ತು. ಅದನ್ನು ಕಂಡು ನನಗೂ ಕಳವಳ ಆಗಿತ್ತು. ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿ ಪುಟ್ಟಿ ಹಚ್ಚಿದರೆ ಒಂದೂ ಕಾಣುವುದಿಲ್ಲ.

ಫಲಿತಾಂಶ ಹೇಳುತ್ತೇನೆ. ಗಾರೆ ಮುಗಿದದ್ದು 2024ರ ನವೆಂಬರ್‌ನಲ್ಲಿ. ಮಧ್ಯೆ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಕಳೆದಿವೆ. ಹಾಲ್, ಎರಡು ರೂಮು, ಸೀಲಿಂಗ್, ಎಲ್ಲೂ ಜೇಡರ ಬಲೆ ಇಲ್ಲ. ಸಂಜೆ ಲೈಟ್ ಹಾಕಿ, ಟಾರ್ಚನ್ನು ಗೋಡೆಗೆ ಅಡ್ಡಲಾಗಿ ಹಿಡಿದು ನೋಡಿದ್ದೇನೆ. ನವೆಂಬರ್ ಅಂದರೆ ಬಿಸಿಲಿನ ಜೋರು ಇಲ್ಲದ ಕಾಲ, ಅದರ ಪಾಲೂ ಇದರಲ್ಲಿದೆ, ಎಲ್ಲವನ್ನೂ ಪ್ಯಾಕೆಟ್ಟಿನ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಆದರೆ ಹೋಲಿಕೆಗೆ ನನ್ನ ಹತ್ತಿರ ಒಂದು ಗೋಡೆ ಇದೆ. ಟೆರೇಸಿಗೆ ಹೋಗುವ ಮೆಟ್ಟಿಲಿನ ಕೋಣೆಗೆ ಬರುವ ಹೊತ್ತಿಗೆ ಪ್ಯಾಕೆಟ್ ಮುಗಿದಿದ್ದವು. ಭಾನುವಾರ, ಹಾರ್ಡ್‌ವೇರ್ ಅಂಗಡಿ ಬಾಗಿಲು ಹಾಕಿತ್ತು. ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಅದೇ ಮರಳು, ಅದೇ ಸಿಮೆಂಟ್, ಅದೇ ಕೈ, ಫೈಬರ್ ಒಂದಿಲ್ಲ. ಕೋಣೆಯ ಪಡುವಣ ಗೋಡೆಯಲ್ಲಿ ಎರಡನೇ ದಿನಕ್ಕೇ ತೆಳುವಾದ ಗೆರೆಗಳು ಕಂಡವು. ಅದೇ ಪಡುವಣ ದಿಕ್ಕಿಗೇ ಇರುವ ರೂಮಿನ ಗೋಡೆಯಲ್ಲಿ ಇಲ್ಲ. ಒಂದು ಗೋಡೆಯಿಂದ ಎಲ್ಲರ ಮನೆಗೂ ತೀರ್ಪು ಹೇಳಲಾಗದು, ಆದರೆ ನನ್ನ ಮಟ್ಟಿಗೆ ಉತ್ತರ ಅಲ್ಲೇ ಸಿಕ್ಕಿತು. ಗೆರೆ ಎದ್ದದ್ದು ಎರಡನೇ ದಿನ ಅನ್ನುವುದನ್ನು ಗಮನಿಸಿ. ಗಾರೆಗೆ ಇನ್ನೂ ಬಲ ಬಂದಿರದ ಆ ಮೊದಲ ಗಂಟೆಗಳಲ್ಲಿ ಸಾವಿರಾರು ನೂಲು ಅಡ್ಡಡ್ಡ ಹಿಡಿದುಕೊಳ್ಳುವುದೇ ಈ ಪ್ಯಾಕೆಟ್ಟಿನ ಕೆಲಸ. ಗಟ್ಟಿಯಾದ ಮೇಲೆ ಅದರಿಂದ ಹೆಚ್ಚೇನೂ ಬಯಸಬೇಡಿ.

ಫೈಬರ್ ಇದ್ದರೂ ಬಿರುಕು ಬಂದ ಜಾಗ ಎರಡಿವೆ. ಒಂದು, ಅಡುಗೆ ಮನೆ ಕಿಟಕಿಯ ಬಲ ಮೂಲೆ. ಕಾಲಂ, ಬೀಮು, ಕಿಟಕಿ ಮೂಲೆ ಎಲ್ಲದಕ್ಕೂ ಕೋಳಿ ಮೆಶ್, ಅಂದರೆ ತೆಳು ತಂತಿಯ ಬಲೆ, ಹೊಡೆಸಿದ್ದೆ, ಈ ಮೂಲೆ ಬಿಟ್ಟುಹೋಗಿತ್ತು. ಬೇಸಿಗೆಯಲ್ಲಿ ಮೂಲೆಯಿಂದ ಗೇಣುದ್ದ ಓರೆ ಗೆರೆ ಎದ್ದಿತು. ಇನ್ನೊಂದು, ಬಚ್ಚಲಿನ ಹೊರಗೋಡೆ. ಪ್ಲಂಬರ್ ಗಾರೆ ಆದ ಮೇಲೆ ಬಂದು ಗೋಡೆ ಕೊರೆದು ಪೈಪು ಹಾಕಿದ, ಮುಚ್ಚಿದ ಪಟ್ಟಿಯ ಎರಡೂ ಅಂಚಿಗೆ ಗೆರೆ. ಪೈಪು, ವೈರಿಂಗ್ ಬಾಕ್ಸ್ ಎಲ್ಲ ಮುಗಿಯದೆ ಗಾರೆ ಶುರು ಮಾಡಿಸಬಾರದು ಅಂತ ಗೊತ್ತಿದ್ದೂ ಅವತ್ತು ಅವಸರ ಮಾಡಿದೆ.

ಅದಕ್ಕೇ ಮೆಶ್ ಬಗ್ಗೆ ಎರಡು ಮಾತು ಹೆಚ್ಚಿಗೆ ಬರೆಯುತ್ತೇನೆ. ಕಾಂಕ್ರೀಟ್ ಕಾಲಂ ಒಂದು ಬಟ್ಟೆ, ಸಾಲಿಡ್ ಬ್ಲಾಕ್ ಗೋಡೆ ಇನ್ನೊಂದು ಬಟ್ಟೆ. ಬಿಸಿಲಿಗೆ ಒಂದು ಹಿಗ್ಗುವ ಪ್ರಮಾಣ ಬೇರೆ, ಇನ್ನೊಂದರದ್ದು ಬೇರೆ. ಎರಡನ್ನೂ ಜೋಡಿಸಿದ ಹೊಲಿಗೆಯ ಮೇಲೆ ಪಟ್ಟಿ ಕೊಡದಿದ್ದರೆ ಸೀಳುವುದು ಅಲ್ಲೇ. ಜೋಡಣೆಯ ಗೆರೆಯಿಂದ ಆ ಕಡೆ 6 ಇಂಚು, ಈ ಕಡೆ 6 ಇಂಚು, ಒಟ್ಟು ಒಂದಡಿ ಅಗಲದ ಪಟ್ಟಿ. ಮೆಶ್ ಸುರುಳಿ 3 ಅಡಿ ಅಗಲ ಬರುತ್ತದೆ. ಹಾಗೇ ಬಿಟ್ಟರೆ ಕೆಲಸದವರು ಕೈಗೆ ಬಂದಷ್ಟು ಹರಿದು, ನಾಲ್ಕು ಇಂಚಿನ ತುಂಡು ಹೊಡೆದು ಮುಗಿಸುತ್ತಾರೆ. ನಾನು ಎರಡು ಸುರುಳಿಯನ್ನೂ ಟೆರೇಸಿನಲ್ಲಿ ಹಾಸಿ, ಚಾಕ್‌ನಲ್ಲಿ ಗೆರೆ ಹಾಕಿ, ತಗಡು ಕತ್ತರಿಸುವ ಕತ್ತರಿಯಲ್ಲಿ ಒಂದೊಂದಡಿಯ ಪಟ್ಟಿ ಮಾಡಿಕೊಟ್ಟೆ. ಅಂಗೈ ಗೀರಿತು, ಆದರೆ ಅಳತೆ ತಪ್ಪಲಿಲ್ಲ. ಕಿಟಕಿ ಬಾಗಿಲಿನ ಮೂಲೆಗೆ ಒಂದಡಿ ಚೌಕದ ತುಂಡನ್ನು ಓರೆಯಾಗಿ ಹೊಡೆಯಬೇಕು. ಪಟ್ಟಿಯನ್ನು ಎಳೆದು ಬಿಗಿಯಾಗಿ ಮೊಳೆ ಹೊಡೆಯಬೇಕು, ಡೊಳ್ಳಾಗಿದ್ದರೆ ಅದರ ಹಿಂದೆ ಗಾರೆ ತುಂಬದೆ ಟೊಳ್ಳು ಉಳಿಯುತ್ತದೆ. ಕಾಲಂ ಬೀಮಿನ ನುಣುಪು ಕಾಂಕ್ರೀಟಿಗೆ ಮೊದಲು ಉಳಿಯಲ್ಲಿ ಕಚ್ಚು ಹಾಕಿಸಿ, ಇಲ್ಲದಿದ್ದರೆ ಗಾರೆ ಅದಕ್ಕೆ ಕಚ್ಚಿಕೊಳ್ಳುವುದೇ ಇಲ್ಲ. ಮೆಶ್, ಮೊಳೆ ಸೇರಿ ನನಗೆ ಸುಮಾರು 3000 ರೂಪಾಯಿ. ಫೈಬರ್ ಮತ್ತು ಮೆಶ್ ಎರಡರಲ್ಲಿ ಒಂದಕ್ಕೇ ದುಡ್ಡಿದೆ ಅಂದರೆ ನಾನು ಮೆಶ್ ಅನ್ನುತ್ತೇನೆ. ಜೇಡರ ಬಲೆಯನ್ನು ಪುಟ್ಟಿ ಸ್ವಲ್ಪ ಮಟ್ಟಿಗಾದರೂ ಮುಚ್ಚೀತು, ಕಾಲಂ ಪಕ್ಕದ ಗೆರೆ ಪ್ರತಿ ಬೇಸಿಗೆಯಲ್ಲೂ ಬಾಯಿ ಬಿಡುತ್ತದೆ.

ಮರಳಿನ ವಿಷಯದಲ್ಲಿ ಈ ಸಲ ಪಿ ಸ್ಯಾಂಡ್ ತರಿಸಿದೆ, ಗಾರೆಗೆಂದೇ ತೊಳೆದು ಜರಡಿ ಹಿಡಿದದ್ದು. ಟಿಪ್ಪರ್ ಬಂದ ಕೂಡಲೇ ಉದ್ದನೆಯ ಗಾಜಿನ ಲೋಟಕ್ಕೆ ಅರ್ಧ ಮರಳು, ಮೇಲೆ ಉಪ್ಪು ನೀರು, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಟ್ಟೆ. ಮರಳು ಕೆಳಗೆ ಕೂತು, ಸಣ್ಣ ಪುಡಿ ಅದರ ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಎರಡನೇ ಲೋಡಿನಲ್ಲಿ ಆ ಪದರ ಬೆರಳಗಲ ಬಂತು. ಇಳಿಸಲು ಬಿಡಲಿಲ್ಲ, ಡ್ರೈವರ್ ಜೊತೆ ಜಗಳವೇ ಆಯಿತು. ಸಿಮೆಂಟ್ ಪಿಪಿಸಿ (ಹಾರುಬೂದಿ ಬೆರೆತದ್ದು), ಗಾರೆಗೆ ಹೆಚ್ಚು ಬಲದ 53 ಗ್ರೇಡಿನದು ಬೇಕಿಲ್ಲ. ಬ್ಲಾಕ್ ಕಟ್ಟಿ ಒಂದೂವರೆ ತಿಂಗಳು ಬಿಟ್ಟು ಗಾರೆ ಮಾಡಿಸಿದೆ, ಲೈನಿಂಗ್ ನೆನೆಸಿ ಒಣಗಿಸಿದ ಹಾಗೆ ಗೋಡೆಯೂ ತಾನು ಕುಗ್ಗುವಷ್ಟು ಮೊದಲೇ ಕುಗ್ಗಿಕೊಳ್ಳಲಿ ಅಂತ. ಹೊರಗೋಡೆಗೆ 20 ಮಿ.ಮೀ. ದಪ್ಪ ಬೇಕಿತ್ತು, ಅದನ್ನು ಒಂದೇ ಏಟಿಗೆ ಬಡಿಯದೆ ಎರಡು ಕೋಟ್ ಮಾಡಿಸಿದೆ.

ಇನ್ನು ನೀರು. ಗಾರೆಯಾದ ಮಾರನೇ ದಿನದಿಂದ ಹತ್ತು ದಿನ, ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿ ಬಂದಾಗ, ಸಂಜೆ ಆರಕ್ಕೆ. ಏಳು ದಿನಕ್ಕೆ ಕಡಿಮೆ ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ರಭಸವಾಗಿ ಹೊಡೆದರೆ ಹಸಿ ಗಾರೆಯ ಮೈ ಕಿತ್ತು ಬರುತ್ತದೆ, ಮೊದಲೆರಡು ದಿನ ಗಿಡಕ್ಕೆ ಹನಿಸುವ ಬಾಯಿಯ ಪೈಪು ಬಳಸಿದೆ. ಪಡುವಣ ಗೋಡೆಗೆ ಹಳೆಯ ಗೋಣಿ ಚೀಲಗಳನ್ನು ಹೊಲಿದು ಉದ್ದದ ಪರದೆ ಮಾಡಿ ಮೇಲಿಂದ ಇಳಿಬಿಟ್ಟು ಅದನ್ನೇ ಒದ್ದೆ ಇಟ್ಟಿದ್ದೆ. ಪಕ್ಕದ ಮನೆಯವರು ಬಂದು ನೋಡಿ ಅವರ ಕಾಂಪೌಂಡಿಗೂ ಆ ಪರದೆ ಕೇಳಿ ಒಯ್ದರು. ನೀರು ನಿಲ್ಲಿಸಿದ ಮೇಲೆ 45 ದಿನ ಗೋಡೆಯನ್ನು ಹಾಗೇ ಒಣಗಲು ಬಿಟ್ಟೆ. ಪುಟ್ಟಿ, ಪ್ರೈಮರ್, ಬಣ್ಣ ಎಲ್ಲ ಆಮೇಲೆ. ಅಷ್ಟರಲ್ಲಿ ಬರಬೇಕಾದ ಗೆರೆ ಬಂದು ಕಣ್ಣಿಗೆ ಬೀಳುತ್ತದೆ, ಬಣ್ಣದ ದುಡ್ಡು ಉಳಿಯುತ್ತದೆ.

ಈಗಾಗಲೇ ಬಿರುಕು ಬಿಟ್ಟಿರುವವರು ಈ ಪ್ಯಾಕೆಟ್ ತರಬೇಡಿ, ಹಳೆಯ ಗಾರೆಗೆ ಇದರಿಂದ ಉಪಯೋಗವಿಲ್ಲ. ಕೆಳಗಿನ ಮನೆಯಲ್ಲಿ ಗೆರೆಗಳನ್ನು ಇಂಗ್ಲಿಷಿನ ವಿ ಆಕಾರಕ್ಕೆ ಸ್ವಲ್ಪ ಅಗಲ ಮಾಡಿ, ಧೂಳು ಒರೆಸಿ, ಬಿರುಕು ತುಂಬುವ ಪೇಸ್ಟ್ ಹಾಕಿಸಿದ್ದೇನೆ. ಒಂದು ಎಚ್ಚರಿಕೆ ಕೊಡುತ್ತೇನೆ. ಚಾಕ್ ಗುರುತು ದಾಟಿ ಗೆರೆ ಬೆಳೆಯುತ್ತಿದ್ದರೆ, ನಾಣ್ಯದ ಅಂಚು ತೂರುವಷ್ಟು ಅಗಲವಾಗಿದ್ದರೆ, ಗೋಡೆಯ ಎರಡೂ ಮೈಯಲ್ಲಿ ಒಂದೇ ಜಾಗದಲ್ಲಿ ಕಂಡರೆ, ಅದು ಗಾರೆಯ ಬಿರುಕಲ್ಲ. ಮೇಸ್ತ್ರಿಯನ್ನು ಕೇಳುತ್ತಾ ಕೂರದೆ ಇಂಜಿನಿಯರನ್ನು ಕರೆಸಿ.

ಅಂಕ ಕೊಡಿ ಅಂದರೆ ಫೈಬರಿಗೆ 5ಕ್ಕೆ 4. ಒಂದು ಕಡಿಮೆ ಮಾಡಿದ್ದು ಯಾಕೆಂದರೆ ಪ್ಯಾಕೆಟ್ಟಿನ ಮೇಲೆ ಕನ್ನಡದಲ್ಲಿ ಹೇಗೆ ಬೆರೆಸಬೇಕು ಅಂತ ದೊಡ್ಡ ಅಕ್ಷರದಲ್ಲಿ ಇದ್ದಿದ್ದರೆ ಮೊದಲ ದಿನದ ಆ ಕಲಸು ಹಾಳಾಗುತ್ತಿರಲಿಲ್ಲ. ಗಾರೆ ಕಲಸುವ ಹುಡುಗನಿಗೆ ಓದಲು ಬರುವ ಭಾಷೆ ಅದೊಂದೇ. ಹರಿಹರದಲ್ಲಿ ನನ್ನ ತಂಗಿಯ ಮನೆಗೆ ಮುಂದಿನ ತಿಂಗಳು ಗಾರೆ ಶುರು. 6 ಎಂಎಂನ 45 ಪ್ಯಾಕೆಟ್, ಈ ಸಲ ಐದು ಹೆಚ್ಚಿಗೆ, ಆಗಲೇ ತೆಗೆದಿಟ್ಟಿದ್ದೇನೆ. ಮೆಶ್ ಪಟ್ಟಿ ಕತ್ತರಿಸಲು ಭಾನುವಾರ ಹೋಗುತ್ತಿದ್ದೇನೆ.